ಹೊಸ ಪ್ರೋಗ್ರಾಮಿಂಗ್ ಭಾಷೆ ಕಲಿಯೋಕೆ ಯಾವ ಪುಸ್ತಕ? ಪುಣೆ ಕನ್ನಡ ಗುಂಪಿನ ಪ್ರಶ್ನೋತ್ತರ (ಕೇಳೋರ ಹೆಸರಿನ ಬದಲು ಅವರ ಬಡಾವಣೆ ಹೆಸರಿದೆ)

ಅಡ್ಮಿನ್: ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರೋ ನಮ್ಮ ಮೇಡಂ ಇವತ್ತು ಉತ್ತರ ಕೊಡ್ತಾರೆ. ಪ್ರೋಗ್ರಾಮಿಂಗ್ ಪುಸ್ತಕಗಳ ಬಗ್ಗೆ ಮಾತ್ರ ಕೇಳಿ. ಸಂಬಳದ ಪ್ರಶ್ನೆ ಬೇಡ.

ವಾಕಡ್: ಮೇಡಂ, ಪೈಥಾನ್‌ಗೆ ಒಳ್ಳೆ ಪುಸ್ತಕ ಯಾವುದು?

ಮೇಡಂ: ಬೇರೆ ಪ್ರೋಗ್ರಾಮಿಂಗ್ ಭಾಷೆ ಮೊದಲೇ ಬರುತ್ತೆ ಅಂದ್ರೆ ಪೈಥಾನ್‌ನ ಅಧಿಕೃತ ಟ್ಯುಟೋರಿಯಲ್ ಸಾಕು, ಪುಕ್ಕಟೆ ಸಿಗುತ್ತೆ. ಇದೇ ಮೊದಲು ಅಂದ್ರೆ ಅಧ್ಯಾಯದ ಕೊನೆಗೆ ಅಭ್ಯಾಸ ಇರೋ ಪುಸ್ತಕ ತಗೊಳ್ಳಿ.

ಪಿಂಪರಿ: ನಮಸ್ಕಾರ್ರಿ ಮೇಡಂ. ನಾವು ವಿಜಯಪುರ ಕಡೆಯವ್ರು, ಇಲ್ಲೇ ಫ್ಯಾಕ್ಟರಿ ಕೆಲಸ. ಮಗ ಡಿಪ್ಲೊಮಾ ಮೊದಲ ವರ್ಷ. ಬುಕ್ಕಿನ ಅಂಗಡಿ ಇರೋ ಅಪ್ಪಾ ಬಳವಂತ ಚೌಕದಾಗ ಹಳೇ ಪೈಥಾನ್ ಬುಕ್ ಕೊಡಿಸೀನ್ರಿ. ಬುಕ್ಕಿನ್ಯಾಗ ಇದ್ದಂಗ ಬರದ್ರೂ ಎರರ್ ಬರ್ತದ. ‘ನನಗ ತಲೀ ಇಲ್ಲಪ್ಪಾ, ಬಿಟ್ಟಬಿಡ್ತೀನಿ’ ಅಂತಾನ.

ಮೇಡಂ: ಅಣ್ಣಾರೆ, ಬುಕ್ಕಿನ ಮೊದಲ ಪ್ರೋಗ್ರಾಂ ಇರೋ ಪುಟದ ಫೋಟೋ ಹಾಕಿ.

ಪಿಂಪರಿ: (ಫೋಟೋ)

ಕೊಥ್ರೂಡ್: ಮೇಡಂ, ಪೈಥಾನ್‌ಗೆ ಯಾವ ಪುಸ್ತಕ ಒಳ್ಳೇದು?

ಮೇಡಂ: ಮೇಲೆ ಹೇಳಿದೀನಿ.

ಮೇಡಂ: ಪಿಂಪರಿ ಅಣ್ಣಾರೆ, ಹುಡುಗನ ತಲೆ ಸರಿಯಾಗೇ ಇದೆ. ಅದು ಪೈಥಾನ್‌ನ ಹಳೇ ಆವೃತ್ತಿ, ಪೈಥಾನ್ 2ರ ಪುಸ್ತಕ. ಫೋಟೋದಲ್ಲಿ ‘ಪ್ರಿಂಟ್’ ಆದಮೇಲೆ ಆವರಣ ಚಿಹ್ನೆ ಇಲ್ಲ ನೋಡಿ. 2008ರಲ್ಲಿ ಬಂದ ಪೈಥಾನ್ 3ರಲ್ಲಿ ಆವರಣ ಹಾಕಲೇಬೇಕು. 2020ರ ಜನವರಿ 1ಕ್ಕೆ ಪೈಥಾನ್ 2ಕ್ಕೆ ಬೆಂಬಲವೂ ನಿಂತುಹೋಯ್ತು. ಎರರ್ ಬರೋದು ಪರವಾಗಿಲ್ಲ, ತಪ್ಪು ಇದೆ ಅಂತ ಗೊತ್ತಾಗುತ್ತೆ. ನನಗೆ ಚಿಂತೆ ಭಾಗಾಕಾರದ್ದು. 143ನ್ನ 2ರಿಂದ ಭಾಗಿಸಿದ್ರೆ ಆ ಪುಸ್ತಕ 71 ಅನ್ನುತ್ತೆ, ಮಗನ ಕಂಪ್ಯೂಟರ್‌ನಲ್ಲಿರೋ ಪೈಥಾನ್ 3 71.5 ಅನ್ನುತ್ತೆ. ಎರರ್ ಬರಲ್ಲ, ಉತ್ತರ ಮಾತ್ರ ಬೇರೆ. ಹುಡುಗ ತನ್ನದೇ ತಪ್ಪು ಅಂದ್ಕೊಂಡು ರಾತ್ರಿಯೆಲ್ಲ ಹುಡುಕ್ತಾ ಕೂತಿರ್ತಾನೆ.

ಇನ್ಮೇಲೆ ಹಳೇ ಪುಸ್ತಕ ಕೊಳ್ಳುವಾಗ ಶೀರ್ಷಿಕೆ ಪುಟದ ಹಿಂದೆ ನೋಡಿ. ಮರುಮುದ್ರಣದ ವರ್ಷ ಲೆಕ್ಕಕ್ಕಿಲ್ಲ, ಆವೃತ್ತಿಯ ವರ್ಷ ನೋಡಿ. ಪೈಥಾನ್ ಆದ್ರೆ ಅಂಗಡಿಯಲ್ಲೇ ನಿಂತು ಮೊದಲ ‘ಪ್ರಿಂಟ್’ ಸಾಲು ಹುಡುಕಿ, ಆವರಣ ಇಲ್ಲದಿದ್ರೆ ವಾಪಸ್ ಇಟ್ಟುಬಿಡಿ. ಮಗನಿಗೆ ಇವತ್ತೇ ಹೇಳಿ, ನಾಳೆಗಿಡಬೇಡಿ.

ಹಡಪ್ಸರ್: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗ 🙏 ಎಲ್ಲ ಭಾಷೆಗಳ ಪುಸ್ತಕ ಒಂದೇ ಜಿಪ್ ಫೈಲ್‌ನಲ್ಲಿ. 7 ದಿನದಲ್ಲಿ ಜಾವಾ ಎಕ್ಸ್‌ಪರ್ಟ್ ಆಗಿ!

ಮೇಡಂ: ಅದನ್ನ ಯಾರೂ ತೆರೀಬೇಡಿ. ಒಳಗೆ ಇ-ಎಕ್ಸ್-ಇ ಫೈಲ್ ಇದೆ. ಪುಸ್ತಕ ಓದೋಕೆ ಪ್ರೋಗ್ರಾಂ ಯಾಕ್ರೀ ಓಡಿಸಬೇಕು? ಕದ್ದ ಪುಸ್ತಕ ಅನ್ನೋದು ಬೇರೆ ಮಾತು.

ಹಡಪ್ಸರ್: ನಾನು ಬಂದಿದ್ದನ್ನ ಕಳಿಸಿದೆ ಅಷ್ಟೇ.

ಮೇಡಂ: ಅದೇ ತೊಂದರೆ.

ಔಂಧ್: ನನ್ನ ಕೇಳಿದ್ರೆ ಪೈಥಾನ್ ಎಲ್ಲ ಆಮೇಲೆ. ಮೊದಲು ಸಿ ಕಲೀಬೇಕು. ನಾವು ಟರ್ಬೊ ಸಿ (ಆಗಿನ ಸಿ ಕಂಪೈಲರ್) ಪುಸ್ತಕದಲ್ಲೇ ಕಲಿತವರು.

ಬಾಣೇರ್: ‘ವಾಯ್ಡ್ ಮೇನ್’ ಬರೆದು, ಪರದೆ ಒರೆಸೋಕೆ ‘ಕ್ಲಿಯರ್‌ಸ್ಕ್ರೀನ್’ ಬರೆದು ಕಲಿತಿರಿ. ಈಗ ಅದನ್ನ ಕಂಪೈಲ್ ಮಾಡಿ ನೋಡಿ ಸರ್.

ಔಂಧ್: ಬುನಾದಿ ಗಟ್ಟಿ ಇತ್ತು ನಮ್ಮದು.

ಬಾಣೇರ್: ವಿಂಡೋಸ್‌ಗೂ ಮೊದಲಿನ ಡಾಸ್ ಕಾಲದ ಬುನಾದಿ.

ಔಂಧ್: ನಿಮ್ಮ ವಯಸ್ಸೆಷ್ಟು?

ಕಾತ್ರಜ್: ಇಲ್ಲಿ ವಯಸ್ಸು ಯಾಕ್ ಬಂತ್ರೀ?

ಮೇಡಂ: ಸಿ ಬೇಕು ಅನ್ನೋರು ಕರ್ನಿಗನ್ ಮತ್ತು ರಿಚಿ ಬರೆದ ಸಿ ಪುಸ್ತಕದ ಎರಡನೇ ಆವೃತ್ತಿ ತಗೊಳ್ಳಿ. 1988ರದ್ದು, ತೆಳ್ಳಗಿದೆ. ಒಂದು ಸಾಲು ಓದಿಕೊಳ್ಳೋ ‘ಗೆಟ್ಸ್’ ಫಂಕ್ಷನ್ ಮಾತ್ರ ಬಳಸಬೇಡಿ, ಅದನ್ನ ಸಿ ಭಾಷೆಯ 2011ರ ಮಾನಕದಲ್ಲಿ ಕಿತ್ತುಹಾಕಿದಾರೆ. ಪುಸ್ತಕ ಹಳೇದು ಅನ್ನೋದೊಂದೇ ದೋಷ ಅಲ್ಲ, ಭಾಷೆ ಅದರಿಂದ ಎಷ್ಟು ದೂರ ಹೋಗಿದೆ ಅನ್ನೋದು ಮುಖ್ಯ. ಜಗಳ ಬೇರೆ ಕಡೆ ಆಡಿ.

ಔಂಧ್: ನೋಡಿದ್ರಾ, ಮೇಡಂ ಸಿ ಅಂತಲೇ ಅಂದ್ರು.

ಬಾಣೇರ್: ಓದೋಕೆ ಬರುತ್ತಾ ನಿಮಗೆ?

ವಿಮಾನ್ ನಗರ: ಕನ್ನಡದಲ್ಲೇ ಪೈಥಾನ್ ಪುಸ್ತಕ ಪುಣೆಯಲ್ಲಿ ಎಲ್ಲಾದ್ರೂ ಸಿಗುತ್ತಾ?

ನಿಗಡಿ: ರಸ್ಟ್ ಭಾಷೆಗೆ ಯಾವ ಪುಸ್ತಕ?

ಮೇಡಂ: ಅಧಿಕೃತ ಪುಸ್ತಕ ಪುಕ್ಕಟೆ. ಇನ್‌ಸ್ಟಾಲ್ ಮಾಡಿದ್ರೆ ಜೊತೆಗೇ ಬರುತ್ತೆ.

ಖರಾಡಿ: ಪೈಥಾನ್‌ಗೆ ಒಳ್ಳೆ ಬುಕ್ ಹೇಳಿ ಪ್ಲೀಸ್.

ಮೇಡಂ: ಮೇಲೆ. ಓದಿ.

ಪಿಂಪರಿ: ಮೇಡಂ, ಆವರಣ ಹಾಕಿದ್ಮ್ಯಾಲ ಮೊದಲ ಪ್ರೋಗ್ರಾಂ ಓಡಿತ್ರಿ. ಈಗ ‘ರಾ ಇನ್‌ಪುಟ್’ ಅನ್ನೋದು ಗೊತ್ತಿಲ್ಲ ಅಂತದ ಕಂಪ್ಯೂಟರ್.

ಮೇಡಂ: ‘ರಾ’ ತೆಗೀರಿ, ಬರೀ ‘ಇನ್‌ಪುಟ್’ ಸಾಕು. ಆದ್ರೆ ಹೀಗೆ ಪುಟಪುಟ ತಿದ್ದೋದು ಬೇಡ ಅಣ್ಣಾರೆ, ಪುಸ್ತಕ ಬದಲಿ ಮಾಡಿ. ನಾಳೆ ಅವನ ಕೈಲೇ ಫೋನ್ ಮಾಡಿಸಿ, ನಂಬರ್ ಅಡ್ಮಿನ್ ಹತ್ರ ಇದೆ.