‘ಮಹಾಪ್ರತಿಜನಕ’ವೋ ‘ಅತಿಪ್ರತಿಜನಕ’ವೋ?

ಬಳಗದ ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಸೂಪರ್‌ಆಂಟಿಜನ್ (ದೇಹದ ರೋಗನಿರೋಧಕ ವ್ಯವಸ್ಥೆಯನ್ನು ಮಿತಿ ಮೀರಿ ಕೆರಳಿಸುವ ಪ್ರೋಟೀನು) ಅನ್ನೋದಕ್ಕೆ ಟಿಪ್ಪಣಿಯಲ್ಲಿ ‘ಮಹಾಪ್ರತಿಜನಕ’ ಎಂದು ಬರೆದಿದ್ದೆ. ಓದಿದ ಹುಡುಗಿಯೊಬ್ಬಳು ‘ಮಹಾ ಅಂದ್ರೆ ಗಾತ್ರದಲ್ಲಿ ದೊಡ್ಡದಾ ಸಾರ್?’ ಅಂದಳು. ಅವಳು ಕೇಳಿದ್ದು ನ್ಯಾಯವಾಗಿಯೇ ಇದೆ. ಇಂಥದ್ದೇ ಒಂದು, ಸ್ಟ್ಯಾಫಿಲೊಕಾಕಸ್ ಔರಿಯಸ್ ಎಂಬ ಬ್ಯಾಕ್ಟೀರಿಯಾ ಹೊರಬಿಡುವ ಎಂಟೆರೊಟಾಕ್ಸಿನ್ ಬಿ ಎಂಬ ವಿಷದಲ್ಲಿ ಇರುವುದು 239 ಅಮೈನೊ ಆಮ್ಲ, ಅಷ್ಟೇ. ಪುಟ್ಟ ಪ್ರೋಟೀನು.

ಮಾಮೂಲಿ ಪ್ರತಿಜನಕವನ್ನು (ಆಂಟಿಜನ್, ಅಂದರೆ ದೇಹದ ರಕ್ಷಣೆಯನ್ನು ಎಚ್ಚರಿಸುವ ವಸ್ತು) ಜೀವಕೋಶ ನುಂಗಿ, ತುಂಡರಿಸಿ, ಒಂದು ಚೂರನ್ನು ತನ್ನ ಮೈಮೇಲಿರುವ ಎಂಎಚ್‌ಸಿ ಅಣುವಿನ ತೋಡಿನಲ್ಲಿಟ್ಟು ತೋರಿಸುತ್ತದೆ. ಆ ಚೂರಿಗೆ ಹೊಂದುವ ಟಿ ಜೀವಕೋಶ (ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ) ಮಾತ್ರ ಏಳುತ್ತದೆ; ಹತ್ತು ಸಾವಿರಕ್ಕೆ ಒಂದು ಸಿಕ್ಕರೆ ಹೆಚ್ಚು. ಈ ವಿಷ ಹಾಗಲ್ಲ. ತುಂಡಾಗದೆ ಇಡಿಯಾಗಿ ಬಂದು, ತೋಡಿನ ಹೊರಗೋಡೆಯನ್ನು ಒಂದು ಮಗ್ಗುಲಿನಿಂದ, ಟಿ ಜೀವಕೋಶದ ಗ್ರಾಹಿಯ (ರಿಸೆಪ್ಟರ್, ಅಂದರೆ ಚೂರನ್ನು ಗುರುತಿಸುವ ಅಣು) ವಿ-ಬೀಟಾ ಎಂಬ ಭಾಗವನ್ನು ಇನ್ನೊಂದು ಮಗ್ಗುಲಿನಿಂದ ಹಿಡಿದು ಬೆಸೆಯುತ್ತದೆ. ತೋಡಿನಲ್ಲಿ ಯಾವ ಚೂರಿದೆ ಅನ್ನೋದು ಲೆಕ್ಕಕ್ಕೇ ಇಲ್ಲ. ನೂರಕ್ಕೆ ಇಪ್ಪತ್ತರವರೆಗೂ ಟಿ ಜೀವಕೋಶಗಳು ಒಟ್ಟಿಗೆ ಎದ್ದು ಸೈಟೊಕೈನ್ ಎಂಬ ಸಂದೇಶವಾಹಕ ಪ್ರೋಟೀನುಗಳನ್ನು ಸುರಿಸುತ್ತವೆ. ಜ್ವರ ಏರಿ, ಬಿಪಿ ಕುಸಿಯುತ್ತದೆ. (‘ಗ್ರಾಹಕ’ ಎಂದು ದಯವಿಟ್ಟು ಬರೆಯಬೇಡಿ, ಮಕ್ಕಳಿಗೆ ಅಂಗಡಿಯ ಗಿರಾಕಿ ನೆನಪಾಗುತ್ತಾನೆ.)

ನಾಲೆಯಲ್ಲಿ ನೀರುಗಂಟಿ ಸರದಿ ನೋಡಿ ತೂಬು ಎತ್ತುತ್ತಾನೆ. ಸರದಿ ನೋಡದೆ ಸಿಕ್ಕಸಿಕ್ಕ ತೂಬುಗಳನ್ನೆಲ್ಲ ಎತ್ತಿದರೆ ಬದುವೇ ಕೊಚ್ಚಿಹೋಗುತ್ತದೆ. ಹೀಗೆ ಹೇಳಿದ ಮೇಲೆ ತರಗತಿಗೆ ಅರ್ಥವಾಯಿತು. ಹಾಗಾಗಿ ನನಗೆ ‘ಅತಿಪ್ರತಿಜನಕ’ ಸರಿ ಅನ್ನಿಸುತ್ತಿದೆ. ಅತಿವೃಷ್ಟಿ, ಅತಿಸಾರಗಳಲ್ಲಿ ಇರುವಂತೆ ‘ಅತಿ’ಯಲ್ಲಿ ಮಿತಿ ಮೀರಿದ ಕೇಡು ಕೇಳಿಸುತ್ತದೆ. ‘ಮಹಾಮಾರಿ ಇದೆಯಲ್ಲ’ ಎನ್ನಬಹುದು. ಅಲ್ಲಿ ಕೇಡು ಇರುವುದು ‘ಮಾರಿ’ಯಲ್ಲಿ, ‘ಮಹಾ’ದಲ್ಲಲ್ಲ.

ಇನ್ನೊಂದು ತೊಡಕು ‘ಡೊಮೇನ್’, ಅಂದರೆ ಪ್ರೋಟೀನಿನಲ್ಲಿ ತನ್ನಷ್ಟಕ್ಕೇ ಮಡಚಿಕೊಂಡ ಭಾಗ. ಈ ವಿಷದ ಅಣು ಎರಡು ಭಾಗವಾಗಿ ಮಡಚಿಕೊಂಡಿದೆ. ಒಂದರಲ್ಲಿ ಬೀಟಾ ಎಳೆಗಳು (ಪ್ರೋಟೀನು ಸರಪಳಿಯ ಚಾಚಿಕೊಂಡ ತುಂಡುಗಳು) ಸುತ್ತುವರಿದು ಪೀಪಾಯಿಯಂತಾಗಿವೆ. ಇನ್ನೊಂದರಲ್ಲಿ ಅವು ಒಂದು ಸುರುಳಿಯನ್ನು ಅಂಗೈಯಲ್ಲಿ ಹಿಡಿದಂತಿವೆ. ಗ್ರಾಹಿ ಬಂದು ಕೂರುವುದು ಈ ಎರಡೂ ಕೂಡುವ ಸಂದಿನಲ್ಲಿ. ‘ಕ್ಷೇತ್ರ’ ಅಂದರೆ ಚುನಾವಣೆಯೋ ಯಾತ್ರೆಯೋ ಆಗಿಬಿಡುತ್ತದೆ. ನಮ್ಮ ಕಡೆ ಮನೆಯನ್ನು ಎರಡಂಕಣ, ಮೂರಂಕಣ ಎಂದು ಎಣಿಸುತ್ತಾರಲ್ಲ, ‘ಅಂಕಣ’ ಎಂದರೆ ಹೇಗೆ? ಎರಡಂಕಣದ ಪ್ರೋಟೀನು. ಪತ್ರಿಕೆಯ ಅಂಕಣದ ಜೊತೆ ಗೊಂದಲವಾದೀತೇ? ತಿಳಿದವರು ಹೇಳಿ. ಟಿಪ್ಪಣಿ ಇನ್ನೂ ಜೆರಾಕ್ಸ್‌ಗೆ ಕೊಟ್ಟಿಲ್ಲ.