ಪದಚರ್ಚೆ: ಎದೋ ಕಾಲದ ‘ಸರಶಿ’ಗೆ ಕನ್ನಡದಲ್ಲಿ ಏನೆನ್ನೋಣ?

ಬಳಗದ ಹಿರಿಯರಿಗೂ ಕಿರಿಯರಿಗೂ ನಮಸ್ಕಾರ.

ಜಪಾನಿನ ಎದೋ ಕಾಲದ, ಅಂದರೆ 1603ರಿಂದ 1868ರವರೆಗಿನ, ಸೆರೆಮನೆ ಮತ್ತು ಶಿಕ್ಷೆಗಳ ಬಗ್ಗೆ ಒಂದು ಲೇಖನ ಬರೆಯಲು ಕುಳಿತಿದ್ದೇನೆ. ಮೊದಲ ಪುಟದಲ್ಲೇ ‘ಕಳ್ಳನಿಗೆ ಸೆರೆವಾಸದ ಶಿಕ್ಷೆಯಾಯಿತು’ ಎಂದು ಬರೆದುಬಿಟ್ಟಿದ್ದೆ. ಕೈಗೆ ರೂಢಿಯಾದ ವಾಕ್ಯ, ತಾನಾಗಿ ಬಂದು ಕೂತಿತು. ಮರುದಿನ ನೋಡಿದರೆ ಆ ವಾಕ್ಯವೇ ಅಲ್ಲಿಗೆ ಹೊಂದುವುದಿಲ್ಲ. ಅಲ್ಲಿ ಸೆರೆಮನೆ ಎಂದರೆ ಶಿಕ್ಷೆ ಅನುಭವಿಸುವ ಜಾಗವಲ್ಲ. ಶಿಕ್ಷೆ ಏನೆಂದು ತೀರ್ಮಾನವಾಗುವವರೆಗೆ ಆರೋಪಿಯನ್ನು ಕೂಡಿಹಾಕುವ ಜಾಗ. ತೀರ್ಪು ಬಂದ ಮೇಲೆ ಏಟು, ಗಡಿಪಾರು, ದ್ವೀಪಕ್ಕೆ ರವಾನೆ, ಇಲ್ಲವೇ ಸಾವು. ವರ್ಷ ಎಣಿಸುತ್ತ ಒಳಗೆ ಕೂರುವುದೇ ಶಿಕ್ಷೆ ಎನ್ನುವುದು ಅಪರೂಪ.

ಹೀಗೆ ಎಡವಿದ ಮೇಲೆ ಒಂದೊಂದು ಪದವನ್ನೂ ತಟ್ಟಿ ನೋಡತೊಡಗಿದೆ. ಕೆಲವಕ್ಕೆ ನಾನೇ ಉತ್ತರ ಕಂಡುಕೊಂಡಿದ್ದೇನೆ, ತಪ್ಪಿದ್ದರೆ ತಿದ್ದಿ. ಒಂದರಲ್ಲಿ ಮಾತ್ರ ನಿಜವಾಗಿ ಸಿಕ್ಕಿಕೊಂಡಿದ್ದೇನೆ. ಅದೇ ‘ಸರಶಿ’, ತಪ್ಪು ಮಾಡಿದವರನ್ನು ಜನರ ಕಣ್ಣೆದುರು ಕಟ್ಟಿ ಕೂರಿಸುವ ಶಿಕ್ಷೆ. ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ಎದೋ ನಗರದ, ಅಂದರೆ ಈಗಿನ ಟೋಕಿಯೊದ, ಸೆರೆಮನೆ ಇದ್ದದ್ದು ಕೊದೆನ್‌ಮಚೋ ಎಂಬಲ್ಲಿ. ಅದನ್ನು ‘ರೋಯಶಿಕಿ’ ಎನ್ನುತ್ತಿದ್ದರು. ‘ರೋ’ ಎಂದರೆ ಸೆರೆ, ‘ಯಶಿಕಿ’ ಎಂದರೆ ಆವರಣವುಳ್ಳ ದೊಡ್ಡ ಮನೆ. ನಮ್ಮ ‘ಸೆರೆಮನೆ’ ಎರಕ ಹೊಯ್ದಂತೆ ಕೂರುತ್ತದೆ. ಆದರೆ ‘ರೋ’ ಬರೆಯುವ ಚೀನೀ ಅಕ್ಷರವನ್ನು ಬಿಡಿಸಿ ನೋಡಿದರೆ ಮೇಲೆ ಸೂರು, ಕೆಳಗೆ ದನ. ಮೂಲದಲ್ಲಿ ಅದು ದನ ಕೂಡುವ ಜಾಗ. ನನಗೆ ಕೂಡಲೇ ನೆನಪಾದದ್ದು ನಮ್ಮ ‘ದೊಡ್ಡಿ’. ಪೈರಿಗೆ ನುಗ್ಗಿದ ದನವನ್ನು ದೊಡ್ಡಿಗೆ ಹೊಡೆದರೆ ಅದೇನು ದನಕ್ಕೆ ವಿಧಿಸಿದ ಶಿಕ್ಷೆಯಲ್ಲ; ಯಜಮಾನ ಬಂದು ದಂಡ ಕಟ್ಟುವವರೆಗೆ ಅಲ್ಲಿರುತ್ತದೆ, ಅಷ್ಟೆ. ರೋಯಶಿಕಿಯ ಸ್ವಭಾವವೂ ಇದೇ. ಆದರೂ ಮನುಷ್ಯರಿದ್ದ ಜಾಗವನ್ನು ದೊಡ್ಡಿ ಎಂದು ಬರೆಯಲು ಕೈ ಏಳಲಿಲ್ಲ. ‘ಸೆರೆಮನೆ’ಯನ್ನು ಉಳಿಸಿಕೊಂಡು ‘ಜೈಲುಶಿಕ್ಷೆ’, ‘ಕಾರಾಗೃಹವಾಸ’ಗಳನ್ನು ಲೇಖನದಿಂದ ಹೊರಗೆ ಕಳಿಸಿದ್ದೇನೆ. (ನಮ್ಮ ಜೈಲುಗಳಲ್ಲಿ ಇರುವವರಲ್ಲೂ ಬಹುಪಾಲು ವಿಚಾರಣಾಧೀನರೇ. ಆದರೆ ‘ಜೈಲಿಗೆ ಹೋಗಿ ಬಂದವನು’ ಎಂದರೆ ಕೇಳುವವರ ಕಿವಿಯಲ್ಲಿ ತೀರ್ಪು ಆಗಿಹೋಗಿರುತ್ತದೆ.)

ಆ ಸೆರೆಮನೆಯೊಳಗೆ ಒಂದು ಊರೇ ಇತ್ತು. ಕೈದಿಗಳಲ್ಲೇ ಒಬ್ಬ ‘ರೋನನುಶಿ’. ನನುಶಿ ಎಂದರೆ ಹಳ್ಳಿಯ ಮುಖ್ಯಸ್ಥ; ಹಳೆ ಮೈಸೂರಿನ ಕಡೆಯವನಾದ ನನಗೆ ‘ಪಟೇಲ’ ಬಿಟ್ಟರೆ ಬೇರೆ ಹೊಳೆಯಲಿಲ್ಲ, ‘ಸೆರೆಪಟೇಲ’ ಎಂದಿಟ್ಟೆ. ತತಾಮಿ ಚಾಪೆಗಳನ್ನು ಒಂದರ ಮೇಲೊಂದು ಪೇರಿಸಿ ಅವನು ಮೇಲೆ ಕೂರುತ್ತಿದ್ದ. ಹೊಸಬರು ಒಂದೇ ಚಾಪೆಯ ಮೇಲೆ ಮಂಡಿ ಮಡಚಿಕೊಂಡು ಹಲವರು. ಒಳಗೆ ಬರುವವರು ಕದ್ದುಮುಚ್ಚಿ ತಂದ ಹಣ ಅವನಿಗೆ ಸಲ್ಲಬೇಕು. ಆ ಹಣಕ್ಕೆ ಕೈದಿಗಳ ಮಾತಿನಲ್ಲಿ ‘ತ್ಸುರು’, ಅಂದರೆ ಬಳ್ಳಿ. ಪೂರ್ತಿ ಹೇಳಿದರೆ ‘ಜೀವದ ಬಳ್ಳಿ’. ಬಳ್ಳಿಯಿಲ್ಲದೆ ಬಂದವನಿಗೆ ಹಲಗೆಯ ಏಟು. ಇದನ್ನು ‘ಲಂಚ’ ಎಂದುಬಿಟ್ಟರೆ ಸಪ್ಪೆ. ‘ಬಳ್ಳಿ’ ಎಂದೇ ಬಿಟ್ಟಿದ್ದೇನೆ, ಓದುಗರು ಹಿಡಿದುಕೊಳ್ಳುತ್ತಾರೆ.

ನನ್ನ ದೊಡ್ಡ ಪೇಚಾಟ ‘ಕಿರಿಹನಶಿ’ಯದು. 1657ರಲ್ಲಿ ಎದೋ ನಗರದ ಬಹುಭಾಗವನ್ನು ಸುಟ್ಟ ಬೆಂಕಿ ಸೆರೆಮನೆಯ ಹತ್ತಿರಕ್ಕೂ ಬಂದಾಗ, ಮೇಲ್ವಿಚಾರಕ ಇಶಿದೆ ತತೆವಾಕಿ ಕೈದಿಗಳನ್ನೆಲ್ಲ ಹೊರಗೆ ಬಿಟ್ಟ. ಬೆಂಕಿ ಆರಿದ ಮೇಲೆ ಹೇಳಿದ ಜಾಗಕ್ಕೆ ಬಂದು ಸೇರಿ, ಬಂದವರ ಶಿಕ್ಷೆ ತಗ್ಗಿಸಲು ಕೇಳಿಕೊಳ್ಳುತ್ತೇನೆ, ತಪ್ಪಿಸಿಕೊಂಡವರನ್ನು ಬಿಡುವುದಿಲ್ಲ ಎಂಬುದು ಕರಾರು. ಮುಂದೆ ಅದೇ ರೂಢಿಯಾಯಿತು. 1844ರ ಬೆಂಕಿಯಲ್ಲಿ ಹೀಗೆ ಹೊರಬಂದ ವೈದ್ಯ, ವಿದ್ವಾಂಸ ತಕಾನೊ ಚೋಎ ಮಾತ್ರ ಹಿಂದಿರುಗಲೇ ಇಲ್ಲ. ಹಲವು ವರ್ಷ ತಲೆಮರೆಸಿಕೊಂಡಿದ್ದು 1850ರಲ್ಲಿ ಸಿಕ್ಕಿಬಿದ್ದು ಸತ್ತ. ಪದಕ್ಕೆ ಬರೋಣ. ‘ಕಿರಿ’ ಎಂದರೆ ಕಡಿ, ‘ಹನಶಿ’ ಎಂದರೆ ಬಿಡು. ನನ್ನ ಕರಡಿನಲ್ಲಿ ‘ಬೆಂಕಿ ಬಿದ್ದಾಗ ಅಧಿಕಾರಿಗಳು ಕೈದಿಗಳನ್ನು ಕಡಿದುಬಿಟ್ಟರು’ ಎಂದಾಗಿತ್ತು! ಓದಿದ ಮನೆಯವರು ಗಾಬರಿಯಾದರು. ‘ಬಿಡುಗಡೆ’ ಎಂದರೆ ವಾಪಸು ಬರುವ ಕರಾರು ಕಾಣುವುದಿಲ್ಲ, ‘ಪೆರೋಲ್’ ಎಂದರೆ ಇನ್ನೂರು ವರ್ಷ ಮುಂದಕ್ಕೆ ಜಿಗಿದಂತೆ. ಕೊನೆಗೆ ಮತ್ತೆ ಕೊಟ್ಟಿಗೆಯೇ ಕಾಪಾಡಿತು: ‘ಕಣ್ಣಿ ಬಿಚ್ಚುವುದು’. ಕಣ್ಣಿ ಬಿಚ್ಚಿದ ದನ ಸಂಜೆಗೆ ಮನೆಗೆ ಬರಬೇಕಷ್ಟೆ.

ಏಟಿನ ಶಿಕ್ಷೆ ‘ತತಕಿ’ಗೆ ತಕರಾರಿಲ್ಲ, ‘ಛಡಿ ಏಟು’ ಸಾಕು. ಹಗುರಕ್ಕೆ 50, ಭಾರಕ್ಕೆ 100. ಸೆರೆಮನೆಯ ಬಾಗಿಲ ಮುಂದೆ ಬೀದಿಗೆ ಕಾಣುವಂತೆ ಹೊಡೆಯುತ್ತಿದ್ದರು; ಎಣಿಸಲು ಒಬ್ಬ, ನಾಡಿ ನೋಡಲು ಒಬ್ಬ ವೈದ್ಯ. ಹೆಂಗಸರಿಗೆ ಈ ಏಟಿಲ್ಲ. ಬಿದಿರ ಸೀಳುಗಳನ್ನು ಕಟ್ಟಿ ಸುತ್ತಿದ ಆ ಕೋಲಿನ ಹೆಸರು ‘ಹೋಕಿಜಿರಿ’, ಪದಶಃ ‘ಪೊರಕೆಯ ಬುಡ’. ನಮ್ಮಲ್ಲಿ ಪೊರಕೆಯ ಏಟು ಎಂದರೆ ನೋವಿಗಿಂತ ಅವಮಾನದ ಮಾತು. ಆ ಧ್ವನಿ ಅಲ್ಲಿಯ ಕೋಲಿಗೆ ಇಲ್ಲ, ಆದ್ದರಿಂದ ಬಿಟ್ಟೆ.

‘ಇರೆಜುಮಿ’ಯಲ್ಲಿ ಮಾತ್ರ ಕನ್ನಡ ನನ್ನನ್ನು ಬೆರಗುಗೊಳಿಸಿತು. ಕಳ್ಳರ ಮೈಮೇಲೆ ಅಳಿಸಲಾಗದ ಗುರುತು ಚುಚ್ಚುವ ಶಿಕ್ಷೆ ಅದು. ಎದೋದಲ್ಲಾದರೆ ಎಡಗೈಯ ಮೊಣಕೈ ಕೆಳಗೆ ಬಳೆಯಂತೆ ಎರಡು ಪಟ್ಟಿ. ಹಿರೊಶಿಮಾ ಸೀಮೆಯಲ್ಲಿ ಹಣೆಯ ಮೇಲೆ ‘ನಾಯಿ’ ಎಂಬ ಅಕ್ಷರ. ಗುರುತಿನ ಆಕಾರ ನೋಡಿದರೆ ಯಾವ ಸೀಮೆಯಲ್ಲಿ ಸಿಕ್ಕಿಬಿದ್ದವನೆಂದು ತಿಳಿಯುತ್ತಿತ್ತು. ‘ಹಚ್ಚೆ’ ಎಂದು ಬರೆದೆ, ಹೊಡೆದುಹಾಕಿದೆ. ನಮ್ಮ ಹಚ್ಚೆ ಇಷ್ಟಪಟ್ಟು ಹಾಕಿಸಿಕೊಳ್ಳುವಂಥದ್ದು, ನಮ್ಮಜ್ಜಿಯ ಕೈಯಲ್ಲಿ ರಂಗೋಲಿಯ ಎಳೆಯಿತ್ತು. ‘ಮುದ್ರೆ’ ಎಂದರೆ ಮಠ ನೆನಪಾಗುತ್ತದೆ. ‘ಬರೆ’ ಎಂದರೆ ಕಾದ ಕಬ್ಬಿಣ. ಆಮೇಲೆ ಪದವನ್ನೇ ಬಿಡಿಸಿದೆ: ‘ಇರೆ’ ಒಳಗಿಡು, ‘ಸುಮಿ’ ಕಾಡಿಗೆಯಿಂದ ಮಾಡಿದ ಶಾಯಿ. ಕನ್ನಡದ ‘ಮಸಿ’ಯೂ ಅದೇ ಅಲ್ಲವೇ? ಪಾತ್ರೆಯ ತಳದ ಕಪ್ಪೂ ಮಸಿ, ಬರೆಯುವ ಶಾಯಿಯೂ ಮಸಿ. ಜತೆಗೆ ಮುಖಕ್ಕೆ ಬಳಿಯುವ ಮಸಿಯ ಅವಮಾನ ನಮ್ಮಲ್ಲಿ ಬಡ್ಡಿ. ‘ಮಸಿಗುರುತು’ ಎಂದಿಟ್ಟಿದ್ದೇನೆ. ಇದನ್ನು ಯಾರೂ ಬದಲಿಸಬೇಡಿ ಎಂದು ಕೋರಿಕೆ!

‘ಗೊಕುಮೊನ್’ ಎಂದರೆ ಅಕ್ಷರಶಃ ‘ಸೆರೆಮನೆಯ ಬಾಗಿಲು’. ಅರ್ಥ ಮಾತ್ರ ಕಡಿದ ತಲೆಯನ್ನು ಮೂರು ಹಗಲು ಎರಡು ರಾತ್ರಿ ಹಲಗೆಯ ಮೇಲಿಟ್ಟು ಜನರಿಗೆ ತೋರಿಸುವುದು. ಹಿಂದೆ ಕ್ಯೋತೊ ನಗರದಲ್ಲಿ ಸೆರೆಮನೆಯ ಬಾಗಿಲ ಬಳಿಯ ಮರಕ್ಕೆ ತಲೆಗಳನ್ನು ನೇತುಹಾಕುತ್ತಿದ್ದರು. ಜಾಗ ಬದಲಾಗಿ ಊರಾಚೆಯ ಸುಜುಗಮೊರಿ, ಕೊಜುಕಪ್ಪರ ವಧಾಸ್ಥಾನಗಳಿಗೆ ಹೋದರೂ ಹೆಸರು ಬಾಗಿಲಲ್ಲೇ ಉಳಿಯಿತು. ಇದಕ್ಕೆ ‘ತಲೆದಂಡ’ ಎಂದರೆ ಇಂದಿನ ಓದುಗರು ಯಾವ ಮಂತ್ರಿಯ ರಾಜೀನಾಮೆ ಎಂದು ಕೇಳುತ್ತಾರೆ. ‘ಗೊಕುಮೊನ್’ ಎಂದೇ ಇಟ್ಟು ಒಮ್ಮೆ ವಿವರಿಸಿದ್ದೇನೆ.

ಕೊಲ್ಲುವ ಮೊದಲು ಕುದುರೆಯ ಮೇಲೆ ಕಟ್ಟಿ ಕೂರಿಸಿ, ಅಪರಾಧ ಬರೆದ ಹಲಗೆಯನ್ನು ಮುಂದೆ ಹಿಡಿದು ಬೀದಿ ಬೀದಿ ತಿರುಗಿಸುವುದು ‘ಹಿಕಿಮವಾಶಿ’. ‘ಮೆರವಣಿಗೆ’ ಸಲ್ಲದು, ಅದರೊಳಗೆ ಮೆರೆಯುವುದಿದೆ, ನಮ್ಮಲ್ಲಿ ಕುದುರೆ ಏರುವವನು ಮದುವಣಿಗ. ಗೆಳೆಯರೊಬ್ಬರು ‘ಎಳೆಹೂಟೆ’ ಎಂದರು. ಹರಳಯ್ಯ ಮಧುವರಸರ ಕಥೆ ಬಲ್ಲವರಿಗೆ ಅದು ಎಳೆದು ಕೊಲ್ಲುವ ಶಿಕ್ಷೆ ಎಂದು ಗೊತ್ತು. ‘ಊರು ಸುತ್ತಿಸುವುದು’ ಎಂದು ಸರಳವಾಗಿ ಬರೆದಿದ್ದೇನೆ. ‘ಹರಿತ್ಸುಕೆ’ಗೆ ‘ಶಿಲುಬೆಗೇರಿಸು’ ಬೇಡವೆನಿಸಿತು. ಅಲ್ಲಿ ಮೊಳೆಯಿಲ್ಲ, ಕಂಬಕ್ಕೆ ಕಟ್ಟಿ ಎರಡು ಪಕ್ಕದಿಂದ ಈಟಿಯಿಂದ ತಿವಿಯುವುದು. ಶಿಲುಬೆ ಎಂದ ಕೂಡಲೇ ಓದುಗರು ಬೇರೊಂದು ಬೆಟ್ಟಕ್ಕೆ ಹೋಗಿಬಿಡುತ್ತಾರೆ.

ಈಗ ‘ಸರಶಿ’. ಕ್ರಿಯಾಪದ ‘ಸರಸು’ (ನಮ್ಮ ಸರಸಕ್ಕೂ ಇದಕ್ಕೂ ನಂಟಿಲ್ಲ). ನೇಯ್ದ ಬಟ್ಟೆಯನ್ನು ನೀರಿಗೆ, ಬಿಸಿಲಿಗೆ ಹಿಡಿದು ಬೆಳ್ಳಗೆ ಮಾಡುವುದೂ ಸರಸು, ಹಾಗೆ ಚಲುವೆ ಮಾಡಿದ ಹತ್ತಿ ಬಟ್ಟೆಯೂ ಸರಶಿ. ಮನುಷ್ಯನನ್ನು ನಿಹೊನ್‌ಬಾಶಿ ಸೇತುವೆಯ ದಕ್ಷಿಣ ತುದಿಯಲ್ಲಿ, ನಗರದ ಅತಿ ಗಿಜಿಗುಡುವ ಜಾಗದಲ್ಲಿ, ಕಟ್ಟಿ ಮೂರು ದಿನ ಕೂರಿಸುವುದೂ ಸರಶಿ. ಹೊಡೆಯುವುದಿಲ್ಲ, ಬಡಿಯುವುದಿಲ್ಲ. ಚಾಪೆ, ಕಂಬ, ಪಕ್ಕದಲ್ಲಿ ಹಲಗೆ. ಮೀನು ಮಾರುವವರು, ಹೊರೆಯಾಳುಗಳು, ಮಕ್ಕಳು ನಿಂತು ನೋಡಿ ಮುಂದೆ ಹೋಗುತ್ತಾರೆ. ಬ್ರಹ್ಮಚರ್ಯ ಮುರಿದ ಬೌದ್ಧ ಸಂನ್ಯಾಸಿಗಳಿಗೆ ಈ ಶಿಕ್ಷೆಯಿತ್ತು. ಒಟ್ಟಿಗೆ ಸಾಯಲು ಹೋಗಿ ಇಬ್ಬರೂ ಬದುಕುಳಿದ ಪ್ರೇಮಿಗಳಿಗೂ ಇದೇ. ಮೂರು ದಿನದ ಮೇಲೆ ಅವರನ್ನು ಸಮಾಜದ ಹೊರಗಿನ ‘ಹಿನಿನ್’ ಗುಂಪಿಗೆ ಒಪ್ಪಿಸುತ್ತಿದ್ದರು. (ಆ ಪದದ ಅರ್ಥ ‘ಮನುಷ್ಯನಲ್ಲದವನು’. ನಮ್ಮ ಯಾವ ಜಾತಿಯ ಹೆಸರನ್ನೂ ಅದಕ್ಕೆ ಅಂಟಿಸಬಾರದೆಂದು ಹಾಗೆಯೇ ಇಟ್ಟಿದ್ದೇನೆ.) ಪ್ರೇಮಿಗಳ ಸಾವಿಗೆ ಜನ ಬಳಸುತ್ತಿದ್ದ ಪದ ‘ಶಿಂಜೂ’, ‘ಹೃದಯದ ಒಳಗು’. ಇಷ್ಟು ಚೆಂದದ ಹೆಸರು ಸರ್ಕಾರಕ್ಕೆ ಹಿಡಿಸಲಿಲ್ಲ. ‘ಐತೈಜಿನಿ’, ಪರಸ್ಪರ ಸಾವು, ಎಂಬ ಒಣ ಪದವನ್ನು ಕಾನೂನಿಗೆ ತಂದಿತು. ಪದಕ್ಕೆ ಹೆದರುವ ಸರ್ಕಾರಗಳು ಹೊಸದೇನಲ್ಲ.

ವಿಚಿತ್ರವೆಂದರೆ, ಎಂಟನೆಯ ಶೋಗನ್ (ದೇಶವಾಳುವ ಸೇನಾಧಿಪತಿ) ಯೊಶಿಮುನೆಯ ಆಳ್ವಿಕೆಯಲ್ಲಿ 1742ರಲ್ಲಿ ಸಿದ್ಧವಾದ ‘ಕುಜಿಕತಾ ಒಸದಮೆಗಕಿ’ ಎಂಬ ಸಂಹಿತೆಯಲ್ಲಿ ಶಿಕ್ಷೆಗಳನ್ನು ಹೇಳುವ ಎರಡನೆಯ ಭಾಗವನ್ನು ಕೆಲವೇ ಹಿರಿಯ ಅಧಿಕಾರಿಗಳು ನೋಡಬಹುದಿತ್ತು. ಯಾವ ತಪ್ಪಿಗೆ ಏನು ಎಂದು ಜನ ತಿಳಿಯುತ್ತಿದ್ದದ್ದು ಸೇತುವೆಯ ಬಳಿ ಕೂತವರನ್ನು, ಪಕ್ಕದ ಹಲಗೆಯನ್ನು ನೋಡಿ. ಪುಸ್ತಕ ಒಳಗೆ, ಮನುಷ್ಯ ಹೊರಗೆ. ಆದ್ದರಿಂದಲೇ ಈ ಪದವನ್ನು ‘ಸಾರ್ವಜನಿಕ ಪ್ರದರ್ಶನ’ ಎಂದು ಕೈತೊಳೆದುಕೊಳ್ಳಲು ಮನಸ್ಸಿಲ್ಲ. ಅದು ವಸ್ತುಪ್ರದರ್ಶನ, ಫಲಪುಷ್ಪ ಪ್ರದರ್ಶನದ ಸಾಲಿಗೆ ಸೇರುತ್ತದೆ.

ನನ್ನ ಮುಂದಿರುವುದು ಎರಡು. ‘ಒಡ್ಡುವುದು’: ಬಿಸಿಲಿಗೆ ಒಡ್ಡಿದರು, ಮಳೆಗೆ ಮೈಯೊಡ್ಡಿದ ಎನ್ನುತ್ತೇವೆ, ಬಟ್ಟೆಗೂ ಮನುಷ್ಯನಿಗೂ ಆಗುತ್ತದೆ. ಆದರೆ ಒಡ್ಡುವವನು ಹೆಚ್ಚಾಗಿ ತಾನೇ ಒಡ್ಡಿಕೊಳ್ಳುತ್ತಾನೆ, ಧೈರ್ಯದ ವಾಸನೆಯಿದೆ. ‘ಬಯಲಿಗಿಡುವುದು’: ಬಯಲು ಎಂದರೆ ತೆರೆದ ಜಾಗವೂ ಹೌದು, ಗುಟ್ಟು ಬಯಲಾಯಿತು ಎಂಬಲ್ಲಿಯ ಬಯಲೂ ಹೌದು. ಜಪಾನೀಯರು ಈಗ ಅಂತರ್ಜಾಲದಲ್ಲಿ ಒಬ್ಬರ ಹೆಸರು, ಚಿತ್ರ ಹಾಕಿ ಮಾನ ತೆಗೆಯುವುದಕ್ಕೂ ‘ಸರಸು’ ಎನ್ನುತ್ತಾರೆ, ಅದಕ್ಕೂ ಇದು ಒಗ್ಗುತ್ತದೆ. ಆದರೆ ಮಡಿವಾಳರ ಕಲ್ಲಿನ ಹತ್ತಿರದ ಬಿಸಿಲು ಇದರಲ್ಲಿಲ್ಲ.

ಹಳ್ಳಿಗಳಲ್ಲಿ ತಪ್ಪು ಮಾಡಿದವನನ್ನು ಚಾವಡಿಯ ಕಂಬಕ್ಕೆ ಕಟ್ಟಿ ನಿಲ್ಲಿಸುತ್ತಿದ್ದುದನ್ನು ಹಿರಿಯರ ಬಾಯಲ್ಲಿ ಕೇಳಿದ್ದೇನೆ. ಹಾಗೆ ನಿಲ್ಲಿಸುವುದಕ್ಕೆ ಒಂದೇ ಪದ ನಿಮ್ಮ ಸೀಮೆಯಲ್ಲಿ ಇದೆಯೇ? ಧಾರವಾಡ, ಕಲಬುರಗಿ, ಕರಾವಳಿಯ ಕಡೆಯವರು ದಯವಿಟ್ಟು ಹೇಳಿ. ಪದ ಸಿಕ್ಕರೆ ಅದನ್ನು ಬಳಸುವ ಒಂದು ವಾಕ್ಯವನ್ನೂ, ಯಾರ ಬಾಯಲ್ಲಿ ಕೇಳಿದ್ದು ಎಂಬುದನ್ನೂ ಬರೆಯಿರಿ. ಲೇಖನ ಕೊಡಲು ಇನ್ನು ಹತ್ತು ದಿನವಿದೆ. ಅಲ್ಲಿಯವರೆಗೆ ಕರಡಿನಲ್ಲಿ ‘ಬಯಲಿಗಿಡುವುದು’ ಎಂದೇ ಇರುತ್ತದೆ, ಪೆನ್ಸಿಲ್ಲಿನಲ್ಲಿ.