ಸಹಾಯ ಬೇಕು: ತೀವ್ರ ಸುಟ್ಟಗಾಯದ ರೋಗಿಗಳು ಬದುಕುಳಿಯುವ ಸಾಧ್ಯತೆಯ ಅಂದಾಜು
ನಮಸ್ಕಾರ. ನಾನು ಸುಟ್ಟಗಾಯಗಳ ವಾರ್ಡಿನಲ್ಲಿ ಕೆಲಸ ಮಾಡುವ ವೈದ್ಯೆ. ವಯಸ್ಸಿಗೆ ಸುಟ್ಟ ಚರ್ಮದ ಶೇಕಡಾವಾರು ಪ್ರಮಾಣವನ್ನು ಕೂಡಿಸಿ, ಹೊಗೆಯಿಂದ ಶ್ವಾಸನಾಳಕ್ಕೆ ಪೆಟ್ಟಾಗಿದ್ದರೆ ಇನ್ನೂ 17 ಸೇರಿಸುವ ಪರಿಷ್ಕೃತ ಬೋ (Baux) ಸ್ಕೋರನ್ನು ನಾವು ಬಳಸುತ್ತೇವೆ; ಅಂಕ ಹೆಚ್ಚಿದಷ್ಟೂ ಸಾವಿನ ಅಪಾಯ ಹೆಚ್ಚು. ಮೂಗಿನ ಕೂದಲು ಸುಟ್ಟು, ಕಫದಲ್ಲಿ ಮಸಿ ಕಾಣಿಸಿಕೊಂಡಿದ್ದ, ಮೈ ಶೇಕಡಾ 55ರಷ್ಟು ಸುಟ್ಟಿದ್ದ 34 ವರ್ಷದ ತಾಯಿಯೊಬ್ಬರಿಗೆ ಈ ಲೆಕ್ಕದಲ್ಲಿ 106 ಬಂತು; ಹೊರಗೆ ಕಾಯುತ್ತಿದ್ದ ಮನೆಯವರಿಗೆ ಏನು ಹೇಳಬೇಕೆಂದು ನನಗೆ ತೋಚಲಿಲ್ಲ. 2010ರಲ್ಲಿ ಅಮೆರಿಕದ ರೋಗಿಗಳ ಮಾಹಿತಿಯಿಂದ ರೂಪಿಸಿದ ಈ ಸೂತ್ರದಲ್ಲಿ, ಗಾಯವಾಗಿ ಎಷ್ಟು ಗಂಟೆಗಳ ಮೇಲೆ ರೋಗಿ ಬಂದರು, ಡ್ರಿಪ್ ಯಾವಾಗ ಶುರುವಾಯಿತು, ಮುಂದೆ ಸೋಂಕು ತಗುಲಿತೇ ಎಂಬುದಕ್ಕೆ ಜಾಗವಿಲ್ಲ. ನನ್ನ ಅನುಭವದಲ್ಲಿ ಜೀವ ಉಳಿಯುವುದು ಬಹುಮಟ್ಟಿಗೆ ಇವುಗಳಿಂದಲೇ. ತಮ್ಮ ವಾರ್ಡಿನ ದಾಖಲೆಗಳೊಂದಿಗೆ ಸ್ಕೋರನ್ನು ಹೋಲಿಸಿ ನೋಡಿದವರಿದ್ದರೆ, ಅಂದಾಜು ಎಲ್ಲಿ ತಪ್ಪಿತು, ಮೊದಲ ದಿನವೇ ಯಾವ ವಿವರಗಳನ್ನು ಬರೆದಿಡಬೇಕು ಎಂಬುದನ್ನು ದಯವಿಟ್ಟು ತಿಳಿಸಿಕೊಡಿ.